ಬಳ್ಳಿಗಾವಿಯ ಅಲ್ಲಮಪ್ರಭು: ದುಃಖದಿಂದ ಅರಿವಿನವರೆಗೆ



ಈ ಸಂಚಿಕೆಗೆ ನಮ್ಮ ಜಿಲ್ಲೆಯ ಹಿರಿಯರೊಬ್ಬರ ಜೀವನವನ್ನು ಬರೆದುಕೊಡಬೇಕೆಂದು ಕನ್ನಡ ಸರ್ ತರಗತಿಯಲ್ಲಿ ಹೇಳಿದಾಗ ಹೆಚ್ಚಿನವರು ಕುವೆಂಪು ಅವರ ಹೆಸರು ಬರೆಸಿದರು. ನಾನು ಅಲ್ಲಮಪ್ರಭುಗಳ ಹೆಸರು ಬರೆಸಿದೆ. ಕಾಮರ್ಸ್ ಹುಡುಗನಿಗೆ ಅಲ್ಲಮಪ್ರಭು ಯಾಕೆ ಬೇಕು ಎಂದು ಪಕ್ಕದಲ್ಲಿ ಕೂತವನು ನಕ್ಕ. ಅದಕ್ಕೆ ಎರಡು ಕಾರಣಗಳಿವೆ. ಒಂದು, ಅವರು ನಮ್ಮ ಶಿಕಾರಿಪುರ ತಾಲ್ಲೂಕಿನವರು, ಬಳ್ಳಿಗಾವಿಯವರು. ಇನ್ನೊಂದು ಕಾರಣ ನನ್ನ ಮನೆಯದು. ಅದನ್ನು ಮುಂದೆ ಹೇಳುತ್ತೇನೆ.

ಮೊದಲೇ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನಮ್ಮ ಮನೆಮಾತು ಉರ್ದು. ಕನ್ನಡವನ್ನು ನಾನು ಶಾಲೆಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಕಲಿತವನು. ಅಲ್ಲಮರ ಹೆಸರಿನಲ್ಲಿ ಸಾವಿರಕ್ಕೂ ಹೆಚ್ಚು ವಚನಗಳಿವೆ. ಅವುಗಳಲ್ಲಿ ಬೆಡಗಿನ ವಚನಗಳು ಎಂಬವು ಕನ್ನಡ ಪಂಡಿತರಿಗೇ ಕಷ್ಟವಂತೆ. ಅವನ್ನು ಇಲ್ಲಿ ಬರೆದು ಅರ್ಥ ಹೇಳುವ ಧೈರ್ಯ ನನಗಿಲ್ಲ. ಆದ್ದರಿಂದ ಅವರ ಬದುಕನ್ನು ಮಾತ್ರ ನನಗೆ ತಿಳಿದ ಮಾತಿನಲ್ಲಿ ಹೇಳುತ್ತೇನೆ.

ಚಾಚಾ ತೋರಿಸಿದ ಊರು

ಬಳ್ಳಿಗಾವಿಯನ್ನು ನನಗೆ ಮೊದಲು ತೋರಿಸಿದವರು ನನ್ನ ಚಾಚಾ. ಅವರು ಮದುವೆಗಳಿಗೆ ಹೋಗುವ ಬ್ಯಾಂಡ್ ಸೆಟ್ಟಿನಲ್ಲಿ ಡ್ರಮ್ ಬಾರಿಸುತ್ತಿದ್ದರು. ಮದುವೆ ಇಲ್ಲದ ದಿನಗಳಲ್ಲಿ ಹೊಲಿಗೆ ಕೆಲಸ. ನಾನು ಎಂಟನೇ ತರಗತಿಯಲ್ಲಿದ್ದಾಗ ಶಿರಾಳಕೊಪ್ಪದ ಒಂದು ಮದುವೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಬೆಳಗಿನ ಮೆರವಣಿಗೆ ಮುಗಿದು ಸಂಜೆಯವರೆಗೆ ಬಿಡುವಿತ್ತು. ಊಟ ಮಾಡಿ ನಾವಿಬ್ಬರೂ ಹತ್ತಿರವೇ ಇದ್ದ ಬಳ್ಳಿಗಾವಿಗೆ ಹೋದೆವು.

ನಾನು ಗಂಡಭೇರುಂಡದ ಕಂಬವನ್ನು ನೋಡುತ್ತಾ ನಿಂತಿದ್ದೆ. ಚಾಲುಕ್ಯರ ಕಾಲದಲ್ಲಿ, 1047ರಲ್ಲಿ, ಚಾಮುಂಡರಾಯ ನಿಲ್ಲಿಸಿದ ಕಂಬ ಅದು. ಈಗ ನಮ್ಮ ರಾಜ್ಯದ ಲಾಂಛನದಲ್ಲಿ ಇರುವುದೂ ಅದೇ ಎರಡು ತಲೆಯ ಹಕ್ಕಿ. ಆದರೆ ಚಾಚಾ ದೇವಸ್ಥಾನದ ಕಲ್ಲಿನಲ್ಲಿ ಕೆತ್ತಿದ್ದ ವಾದ್ಯದವರನ್ನು ನೋಡುತ್ತಿದ್ದರು. ಮದ್ದಳೆ ಬಾರಿಸುವವನ ಬಲಗೈ ಎಲ್ಲಿದೆ, ಎಡಗೈ ಎಲ್ಲಿದೆ ಎಂದು ಬಾಗಿ ನೋಡಿ, ಕೆತ್ತಿದವನಿಗೆ ಬಾರಿಸಲೂ ಗೊತ್ತಿತ್ತು ಎಂದರು. ಈ ಊರಿನಲ್ಲಿ ತಮ್ಮ ಹಾಗೆಯೇ ಒಬ್ಬರು ವಾದ್ಯದವರಿದ್ದರು, ಕೊನೆಗೆ ಅವರು ದೊಡ್ಡ ಗುರುಗಳಾದರು ಎಂದೂ ಹೇಳಿದರು. ಅವರಿಗೆ ಹೆಸರು ನೆನಪಿರಲಿಲ್ಲ. ಆ ಹೆಸರು ಅಲ್ಲಮ ಎಂದು ನನಗೆ ತಿಳಿದದ್ದು ಆಮೇಲೆ.

ಈಗ ಬಳ್ಳಿಗಾವಿ ಒಂದು ಸಣ್ಣ ಹಳ್ಳಿ. ಒಂಬೈನೂರು ವರ್ಷಗಳ ಹಿಂದೆ ಹಾಗಿರಲಿಲ್ಲ. ಕಲ್ಯಾಣ ಚಾಲುಕ್ಯರ ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿ ಅದಾಗಿತ್ತು. ಕೇದಾರೇಶ್ವರ, ತ್ರಿಪುರಾಂತಕೇಶ್ವರ ಗುಡಿಗಳಲ್ಲದೆ ಜೈನರ ಬಸದಿ, ಬೌದ್ಧರ ವಿಹಾರವೂ ಅಲ್ಲಿದ್ದವು. ಅಲ್ಲಿಯ ಕೋಡಿಯ ಮಠದ ಬಗ್ಗೆ 1162ರ ಒಂದು ಶಾಸನವಿದೆ. ಬಿಜ್ಜಳ ರಾಜನ ಕಾಲದ್ದು, ಅಂದರೆ ಹೆಚ್ಚು ಕಡಿಮೆ ಅಲ್ಲಮರ ಕಾಲದ್ದೇ. ಆ ಮಠದಲ್ಲಿ ಪಾಠ ನಡೆಯುತ್ತಿತ್ತು. ಬಡವರಿಗೆ, ಕುರುಡರಿಗೆ, ಕುಂಟರಿಗೆ, ಹಾಡುವವರಿಗೆ, ವಾದ್ಯದವರಿಗೆ, ಕುಣಿಯುವವರಿಗೆ ಅನ್ನ ಸಿಗುತ್ತಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಔಷಧಿ ಕೊಡುತ್ತಿದ್ದರು. ಬೇರೆ ಬೇರೆ ಮತದ ಸನ್ಯಾಸಿಗಳಿಗೂ ಅಲ್ಲಿ ಊಟವಿತ್ತು. ಶಾಲೆ, ಆಸ್ಪತ್ರೆ, ದಾಸೋಹ ಮೂರೂ ಒಂದೇ ಕಡೆ ಇದ್ದ ಇಂಥ ಊರಿನಲ್ಲಿ ಅಲ್ಲಮರು ಬೆಳೆದರು.

ಮದ್ದಳೆಯ ಯುವಕ

ಅಲ್ಲಮರ ಬದುಕನ್ನು ಮೊದಲು ಬರೆದವರು ಹಂಪಿಯ ಹರಿಹರ ಕವಿ. ಅಲ್ಲಮರ ಕಾಲವಾದ ಮೇಲೆ ಹೆಚ್ಚು ವರ್ಷಗಳು ಕಳೆಯುವ ಮುಂಚೆಯೇ ಅವರು ಪ್ರಭುದೇವರ ರಗಳೆಯನ್ನು ಬರೆದರು. ಅದರ ಪ್ರಕಾರ ಅಲ್ಲಮರ ತಂದೆ ಬಳ್ಳಿಗಾವಿಯ ನಾಗವಾಸಾಧಿಪತಿ. ಅಂದರೆ ಗುಡಿಯ ಹಾಡು ಕುಣಿತದವರ ಮುಖ್ಯಸ್ಥ ಎಂದು ಕನ್ನಡ ಸರ್ ವಿವರಿಸಿದರು. ಮಗನಿಗೆ ಮದ್ದಳೆ ಚೆನ್ನಾಗಿ ಒಲಿಯಿತು. ಗುಡಿಯಲ್ಲಿ ನರ್ತನ ನಡೆಯುವಾಗ ಅವರು ಮದ್ದಳೆ ಬಾರಿಸುತ್ತಿದ್ದರು.

ಅಲ್ಲಿ ಅವರು ಕಾಮಲತೆ ಎಂಬ ಯುವತಿಯನ್ನು ಕಂಡರು. ಇಬ್ಬರಿಗೂ ಪ್ರೀತಿಯಾಯಿತು, ಮದುವೆಯೂ ಆಯಿತು. ಆ ಪ್ರೀತಿಯಲ್ಲಿ ಅವರು ಹೊರಗಿನ ಲೋಕವನ್ನೇ ಮರೆತರು. ಹರಿಹರ ಕವಿ ಇದನ್ನು ತಪ್ಪು ಎಂಬಂತೆ ಹೇಳುವುದಿಲ್ಲ. ಇಬ್ಬರು ಸಂತೋಷವಾಗಿದ್ದರು ಎಂದೇ ಹೇಳುತ್ತಾರೆ. ಮುಂದೆ ದೊಡ್ಡ ಗುರುಗಳಾಗುವವರ ಕಥೆ ಹೀಗೆ ಒಂದು ಸಾಧಾರಣ ಸಂಸಾರದಿಂದ ಶುರುವಾಗುವುದು ನನಗೆ ಇಷ್ಟವಾಯಿತು.

ಆಮೇಲೆ ಕಾಮಲತೆಗೆ ಜ್ವರ ಬಂತು. ಜ್ವರ ಇಳಿಯಲಿಲ್ಲ. ಆಕೆ ತೀರಿಕೊಂಡರು.

ಅಲ್ಲಮರು ಹುಚ್ಚರಂತಾದರು. ಆಕೆಯ ಹೆಸರು ಕೂಗುತ್ತಾ ಊರು ಬಿಟ್ಟು ಅಲೆದರು. ಕೈಗೆ ಮದ್ದಳೆ ಬೇಡವಾಯಿತು.

ಈ ಭಾಗವನ್ನು ಓದುವಾಗ ನಾನು ಪುಸ್ತಕ ಮುಚ್ಚಿಟ್ಟೆ. ಯಾಕೆಂದರೆ ನನ್ನ ಚಾಚಾ ಕೂಡ ಜ್ವರದಲ್ಲೇ ಹೋದವರು.

ಕಳೆದ ವರ್ಷ ನಾನು ಫಸ್ಟ್ ಪಿಯುಸಿಯಲ್ಲಿದ್ದೆ. ಮಳೆಗಾಲ, ಮದುವೆಗಳಿಲ್ಲದ ತಿಂಗಳು. ಚಾಚಾಗೆ ಎರಡು ದಿನದಿಂದ ಜ್ವರವಿತ್ತು. ಗುರುವಾರ ಸಂಜೆ ಅವರು ನಮ್ಮ ಮನೆಗೆ ಬಂದು, ಒಬ್ಬರೇ ಹೋಗಲು ತಲೆ ಸುತ್ತುತ್ತದೆ, ಡಾಕ್ಟರ ಹತ್ತಿರ ಜೊತೆಗೆ ಬರುತ್ತೀಯಾ ಎಂದು ನನ್ನನ್ನು ಕೇಳಿದರು. ಮರುದಿನ ನನಗೆ ಅಕೌಂಟೆನ್ಸಿ ಕಿರುಪರೀಕ್ಷೆ ಇತ್ತು. ನಾಳೆ ಪರೀಕ್ಷೆ ಮುಗಿಸಿ ಬಂದು ಕರೆದುಕೊಂಡು ಹೋಗುತ್ತೇನೆ ಎಂದೆ. ಅವರು ನನ್ನ ತಲೆ ಸವರಿ, ಚೆನ್ನಾಗಿ ಓದು ಎಂದು ಹೇಳಿ ಹೋದರು. ಬೆಳಗಿನ ಹೊತ್ತಿಗೆ ಜ್ವರ ಹೆಚ್ಚಾಗಿ ಅವರನ್ನು ಶಿವಮೊಗ್ಗಕ್ಕೆ ಕರೆದೊಯ್ದಿದ್ದರು. ನಾಲ್ಕನೇ ದಿನ ಅವರು ತೀರಿಕೊಂಡರು.

ನಾನು ಅಳಲಿಲ್ಲ. ಜನಾಜಾದಲ್ಲಿ ಹೆಗಲು ಕೊಟ್ಟೆ, ಬಂದವರಿಗೆ ನೀರು ಕೊಟ್ಟೆ, ಕುರ್ಚಿ ಹಾಕಿದೆ. ಹುಡುಗ ಎಷ್ಟು ಗಟ್ಟಿ ಎಂದು ಎಲ್ಲರೂ ಹೊಗಳಿದರು. ಚಾಚಾ ನನ್ನನ್ನು ಕರೆದಿದ್ದರು, ನಾನು ಹೋಗಲಿಲ್ಲ ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ನೆಲದಡಿಯ ಬಾಗಿಲು

ಮತ್ತೆ ಅಲ್ಲಮರ ಕಥೆಗೆ ಬರುತ್ತೇನೆ. ಅಲೆದು ಅಲೆದು ಅವರು ಒಂದು ದಿನ ಊರ ಹೊರಗಿನ ತೋಟದಲ್ಲಿ ಕುಳಿತಿದ್ದರು. ಮನಸ್ಸು ಎಲ್ಲೋ ಇತ್ತು. ಕಾಲಿನ ಉಗುರಿನಿಂದ ಸುಮ್ಮನೆ ನೆಲ ಕೆರೆಯುತ್ತಿದ್ದರು. ನಾವೂ ಬೇಜಾರಾದಾಗ ಹೀಗೆ ಮಾಡುತ್ತೇವಲ್ಲವೇ? ಹಾಗೆ ಕೆರೆಯುವಾಗ ಮಣ್ಣಿನಲ್ಲಿ ಚಿನ್ನದ ಕಳಸದ ತುದಿ ಕಾಣಿಸಿತು. ಅಗೆಸಿದರೆ ಕೆಳಗೆ ಇಡೀ ಒಂದು ಗುಡಿಯೇ ಹೂತುಹೋಗಿತ್ತು. ಬಾಗಿಲು ಮುಚ್ಚಿತ್ತು. ಅವರು ಅದನ್ನು ಒದ್ದು ತೆರೆದು ಒಳಗೆ ಹೋದರು.

ಒಳಗೆ ಒಬ್ಬ ಯೋಗಿ ಕುಳಿತಿದ್ದರು. ಅವರ ಹೆಸರು ಅನಿಮಿಷಯ್ಯ. ಅನಿಮಿಷ ಎಂದರೆ ರೆಪ್ಪೆ ಮಿಟುಕಿಸದವನು. ಅವರ ಕೈಯಲ್ಲಿ ಲಿಂಗವಿತ್ತು, ದೃಷ್ಟಿ ಅದರ ಮೇಲೆಯೇ ನೆಟ್ಟಿತ್ತು. ಆ ಲಿಂಗ ಅಲ್ಲಮರ ಕೈಗೆ ಬಂತು. ಆ ಕ್ಷಣದಲ್ಲೇ ಅನಿಮಿಷಯ್ಯನವರ ಪ್ರಾಣ ಹೋಯಿತು. ಹೊರಗೆ ಬರುವಾಗ ಅಲ್ಲಮರು ಹಳೆಯ ಅಲ್ಲಮರಾಗಿರಲಿಲ್ಲ. ಅವರ ವಚನಗಳ ಕೊನೆಯಲ್ಲಿ ಬರುವ ಅಂಕಿತ ಗುಹೇಶ್ವರ, ಅಂದರೆ ಗುಹೆಯ ಒಡೆಯ. ನೆಲದಡಿಯ ಆ ಗುಡಿ ಅವರ ಮನಸ್ಸಿನಲ್ಲಿ ಕೊನೆಯವರೆಗೂ ಉಳಿದಿರಬೇಕು ಎಂದು ನನಗೆ ಅನಿಸುತ್ತದೆ.

ಇದು ನಡೆದ ಘಟನೆಯೋ ಕವಿಯ ಕಲ್ಪನೆಯೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ನನ್ನ ಗಮನ ಸೆಳೆದದ್ದು ಎರಡು ವಿಷಯ. ಒಂದು, ಅಲ್ಲಮರು ಗುಡಿ ಹುಡುಕಿಕೊಂಡು ಹೋಗಿರಲಿಲ್ಲ. ದುಃಖ ಅವರನ್ನು ಕೂರಿಸಿದ ಜಾಗದಲ್ಲೇ, ಅವರ ಕಾಲಿನ ಕೆಳಗೇ ಅದು ಇತ್ತು. ಎರಡು, ಆ ಗುಡಿಯೊಳಗೂ ಅವರು ಕಂಡದ್ದು ಒಂದು ಸಾವನ್ನೇ. ಮೊದಲ ಸಾವು ಅವರ ಕೈಯಿಂದ ಎಲ್ಲವನ್ನೂ ಕಿತ್ತುಕೊಂಡಿತ್ತು. ಎರಡನೆಯ ಸಾವು ಅವರ ಕೈಗೆ ಒಂದನ್ನು ಕೊಟ್ಟು ಹೋಯಿತು. ಮೊದಲನೆಯದನ್ನು ಪೂರ್ತಿ ಅನುಭವಿಸದಿದ್ದರೆ ಎರಡನೆಯದನ್ನು ತೆಗೆದುಕೊಳ್ಳಲು ಕೈ ಖಾಲಿ ಇರುತ್ತಿತ್ತೇ ಎಂದು ಯೋಚಿಸಿದೆ.

ಎರಡು ಕಥೆಗಳು

ಅಲ್ಲಮರ ಬಗ್ಗೆ ಇನ್ನೊಂದು ಪ್ರಸಿದ್ಧ ಕಾವ್ಯವಿದೆ. ಅದು ಚಾಮರಸ ಕವಿಯ ಪ್ರಭುಲಿಂಗಲೀಲೆ. ವಿಜಯನಗರದ ಪ್ರೌಢದೇವರಾಯನ ಕಾಲ, ಅಂದರೆ 15ನೇ ಶತಮಾನದ ಕೃತಿ. ಅದರಲ್ಲಿ ಕಥೆ ಬೇರೆಯೇ ಆಗಿದೆ. ಅಲ್ಲಿ ಅಲ್ಲಮರ ತಂದೆ ತಾಯಿ ನಿರಹಂಕಾರ ಮತ್ತು ಸುಜ್ಞಾನಿ. ಕಾಮಲತೆ ಇಲ್ಲ. ಅವಳ ಬದಲು ಬನವಾಸಿಯ ರಾಜ ಮಮಕಾರನ ಮಗಳಾಗಿ ಮಾಯೆ ಹುಟ್ಟುತ್ತಾಳೆ. ಅಲ್ಲಮರು ಬನವಾಸಿಯ ಮಧುಕೇಶ್ವರ ಗುಡಿಯಲ್ಲಿ ಮದ್ದಳೆ ಬಾರಿಸುತ್ತಾರೆ. ಮಾಯೆ ಅವರಿಗೆ ಮನಸೋಲುತ್ತಾಳೆ. ಆದರೆ ಅವರು ಅವಳಿಗೆ ಸಿಗುವುದೇ ಇಲ್ಲ. ಹುಟ್ಟಿನಿಂದಲೇ ಅವರನ್ನು ಯಾವ ಭಾವನೆಯೂ ಮುಟ್ಟಿಲ್ಲ.

ಬಳ್ಳಿಗಾವಿಗೂ ಬನವಾಸಿಗೂ ನಡುವೆ ಇರುವುದು ಸೊರಬ ತಾಲ್ಲೂಕು. ನನ್ನ ಚಾಚಿಯ ತವರು ಸೊರಬ. ರಜೆಯಲ್ಲಿ ಅಲ್ಲಿಗೆ ಹೋದಾಗ ಆನವಟ್ಟಿ ಹತ್ತಿರದ ಕುಬಟೂರಿನಲ್ಲಿ ಕೈಟಭೇಶ್ವರ ದೇವಸ್ಥಾನವನ್ನು ನೋಡಿದ್ದೇನೆ. ಅದೂ ಬಳ್ಳಿಗಾವಿಯ ಗುಡಿಗಳಷ್ಟೇ ಹಳೆಯದು. ಇಂದಿಗೂ ಇಲ್ಲಿಯ ಬ್ಯಾಂಡಿನವರು, ವಾದ್ಯದವರು ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿ, ಬನವಾಸಿ ಎಂದು ಇದೇ ದಾರಿಯಲ್ಲಿ ಓಡಾಡುತ್ತಾರೆ. ಒಬ್ಬ ಮದ್ದಳೆಯವರ ಕಥೆ ಈ ದಾರಿಯ ಎರಡು ತುದಿಯಲ್ಲಿ ಎರಡು ರೀತಿ ಇದ್ದರೆ ಆಶ್ಚರ್ಯವೇನಿಲ್ಲ.

ಎರಡು ಕಥೆಗಳಲ್ಲಿ ಯಾವುದು ಸರಿ ಎಂದು ವಿದ್ವಾಂಸರು ಹೇಳಲಿ. ನನಗೆ ಬೇಕಾದದ್ದು ಯಾವುದು ಎಂದು ಮಾತ್ರ ನಾನು ಹೇಳಬಲ್ಲೆ. ಚಾಮರಸರ ಅಲ್ಲಮರನ್ನು ದೂರದಿಂದ ನೋಡಿ ಕೈಮುಗಿಯಬಹುದು. ಹರಿಹರರ ಅಲ್ಲಮರ ಪಕ್ಕದಲ್ಲಿ ಹೋಗಿ ಕೂರಬಹುದು. ಅವರು ಪ್ರೀತಿಸಿದ್ದಾರೆ, ಕಳೆದುಕೊಂಡಿದ್ದಾರೆ, ಬೀದಿಯಲ್ಲಿ ಅತ್ತಿದ್ದಾರೆ. ಆಮೇಲೆ ಅರಿವು ಪಡೆದಿದ್ದಾರೆ. ಭಾವನೆಯೇ ಇಲ್ಲದವರಿಗೆ ಅರಿವು ಬಂದರೆ ಅದರಿಂದ ನನ್ನಂಥವನಿಗೆ ಏನು ಸಿಗುತ್ತದೆ?

ನಮ್ಮ ಮನೆಗಳಲ್ಲಿ ಸಬರ್ ಎನ್ನುವ ಮಾತನ್ನು ದಿನಾ ಕೇಳುತ್ತೇವೆ. ಚಾಚಾ ಹೋದಾಗಲೂ ಎಲ್ಲರೂ ಸಬರ್ ಮಾಡು ಎಂದರು. ಅಳಬಾರದು ಎಂದು ಅದರ ಅರ್ಥ ಅಂದುಕೊಂಡಿದ್ದೆ. ಆದರೆ ದೀನಿಯಾತ್ ಪಾಠದಲ್ಲಿ ಕೇಳಿದ ಕಥೆ ಬೇರೆಯೇ ಹೇಳುತ್ತದೆ. ಸಬರ್‌ಗೆ ದೊಡ್ಡ ಉದಾಹರಣೆ ಹಜರತ್ ಯಾಕೂಬ್ ಅಲೈಹಿಸ್ಸಲಾಮ್. ಮಗ ಯೂಸುಫರಿಗಾಗಿ ಅತ್ತು ಅತ್ತು ಕಣ್ಣಿನ ದೃಷ್ಟಿ ಕಳೆದುಕೊಂಡವರೂ ಅವರೇ. ಬೀಬಿ ಖದೀಜಾ ಮತ್ತು ಅಬೂ ತಾಲಿಬ್ ತೀರಿಕೊಂಡ ವರ್ಷವನ್ನು ಪ್ರವಾದಿಯವರ ಜೀವನಚರಿತ್ರೆಯಲ್ಲಿ ದುಃಖದ ವರ್ಷ ಎಂದೇ ಕರೆಯುತ್ತಾರೆ. ದುಃಖವನ್ನು ಮುಚ್ಚಿಟ್ಟಿದ್ದರೆ ಒಂದು ವರ್ಷಕ್ಕೆ ಅದರ ಹೆಸರು ಬರುತ್ತಿರಲಿಲ್ಲ. ಸಬರ್ ಎಂದರೆ ದುಃಖ ಇಲ್ಲದಿರುವುದಲ್ಲ, ದುಃಖದ ಜೊತೆ ಇರುವುದು ಎಂದು ಈಗ ನನಗೆ ಅರ್ಥವಾಗುತ್ತಿದೆ.

ಅತ್ತವರ ಬಳಿ, ಸಿಟ್ಟಾದವರ ಬಳಿ

ಅರಿವು ಪಡೆದ ಅಲ್ಲಮರು ಒಂದೇ ಕಡೆ ಕೂರಲಿಲ್ಲ, ಊರೂರು ಸುತ್ತಿದರು. ಅವರು ಯಾರು ಯಾರನ್ನು ಭೇಟಿ ಮಾಡಿದರು ಎಂಬುದನ್ನು ಶೂನ್ಯಸಂಪಾದನೆ ಎಂಬ ಗ್ರಂಥದಲ್ಲಿ ವಿಸ್ತಾರವಾಗಿ ಹೇಳಿದೆ. 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಅದನ್ನು ಮೊದಲು ಜೋಡಿಸಿದರು. ಆ ಭೇಟಿಗಳನ್ನು ಓದುತ್ತಾ ಹೋದರೆ ಒಂದೊಂದು ಭೇಟಿಯಲ್ಲೂ ಒಂದೊಂದು ಭಾವನೆ ಎದುರಾಗುತ್ತದೆ.

ಮೊದಲು ಮುಕ್ತಾಯಕ್ಕ. ಆಕೆಯ ಅಣ್ಣ ಅಜಗಣ್ಣ ತನ್ನ ಭಕ್ತಿಯನ್ನು ಯಾರಿಗೂ ತೋರಿಸದೆ ಒಳಗೇ ಇಟ್ಟುಕೊಂಡಿದ್ದವರು. ಅವರು ತೀರಿಕೊಂಡಾಗ ಮುಕ್ತಾಯಕ್ಕ ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗೋಳಾಡುತ್ತಿದ್ದರು. ಆಕೆಗೆ ಅವರು ಅಣ್ಣ ಮಾತ್ರವಲ್ಲ, ಗುರುವೂ ಆಗಿದ್ದರು. ಅಲ್ಲಮರು ಅಲ್ಲಿಗೆ ಬಂದು ಮಾತಾಡಿಸಿದರು. ಮುಕ್ತಾಯಕ್ಕ ಸುಲಭಕ್ಕೆ ಒಪ್ಪುವವರಲ್ಲ. ಎಲ್ಲ ಮಾತು ಮೀರಿದವರು ನೀವಾದರೆ ಇಷ್ಟು ಮಾತು ಯಾಕೆ ಎಂದು ಅಲ್ಲಮರನ್ನೇ ಪ್ರಶ್ನಿಸಿದರು. ಅಲ್ಲಮರು ಎದ್ದು ಹೋಗಲಿಲ್ಲ. ಕೂತು ಉತ್ತರ ಕೊಟ್ಟರು. ಹೆಂಡತಿಯನ್ನು ಕಳೆದುಕೊಂಡು ಅಲೆದವರಿಗೆ ಅಣ್ಣನನ್ನು ಕಳೆದುಕೊಂಡವರ ಪಕ್ಕ ಕೂರಲು ಗೊತ್ತಿತ್ತು. ನಮ್ಮ ದುಃಖ ನಮಗೆ ಗೊತ್ತಿದ್ದರೆ ಮಾತ್ರ ಇನ್ನೊಬ್ಬರ ದುಃಖ ಗೊತ್ತಾಗುತ್ತದೆ.

ಎರಡನೆಯವರು ಸೊನ್ನಲಿಗೆಯ ಸಿದ್ಧರಾಮರು. ಸೊನ್ನಲಿಗೆ ಎಂದರೆ ಇಂದಿನ ಸೊಲ್ಲಾಪುರ. ಸಿದ್ಧರಾಮರು ಸಾವಿರಾರು ಜನರನ್ನು ಸೇರಿಸಿ ಕೆರೆ, ಗುಡಿಗಳನ್ನು ಕಟ್ಟಿಸುತ್ತಿದ್ದರು. ಒಳ್ಳೆಯ ಕೆಲಸವೇ. ಅಲ್ಲಮರು ಹೋಗಿ ಅವರನ್ನು ಬರೀ ಮಣ್ಣು ಹೊರುವವರೆಂಬಂತೆ ಹಗುರವಾಗಿ ಕರೆದರು. ಕೆಲಸಗಾರರಿಗೆ ಕೋಪ ಬಂದು ಕಲ್ಲು ತೂರಿದರು. ಸುದ್ದಿ ತಿಳಿದ ಸಿದ್ಧರಾಮರು ಬೆಂಕಿಯಂತೆ ಬಂದರು. ಅಲ್ಲಮರು ಅಲುಗಾಡದೆ ನಿಂತರು. ಆ ಸಿಟ್ಟಿನಲ್ಲಿ ಸಿದ್ಧರಾಮರಿಗೆ ತಮ್ಮದೇ ಒಂದು ಗುಟ್ಟು ತಿಳಿಯಿತು. ಜನರಿಗಾಗಿ ಮಾಡುತ್ತಿದ್ದೇನೆ ಎಂದುಕೊಂಡ ಕೆಲಸದೊಳಗೆ ತಮ್ಮ ಹೆಸರಿನ ಆಸೆಯೂ ಸೇರಿತ್ತು. ಆ ಸಿಟ್ಟು ಬರದೇ ಇದ್ದಿದ್ದರೆ ಅದು ಗೊತ್ತಾಗುತ್ತಲೇ ಇರಲಿಲ್ಲ. ಆಮೇಲೆ ಇಬ್ಬರೂ ಜೊತೆಯಾಗಿ ಕಲ್ಯಾಣಕ್ಕೆ ಹೊರಟರು.

ಮೂರನೆಯವರು ಅಕ್ಕಮಹಾದೇವಿ. ಅವರೂ ನಮ್ಮ ತಾಲ್ಲೂಕಿನ ಉಡುತಡಿಯವರು. ಬಳ್ಳಿಗಾವಿಗೂ ಉಡುತಡಿಗೂ ಹೆಚ್ಚು ದೂರವಿಲ್ಲ. ಆದರೂ ಈ ಇಬ್ಬರೂ ಎದುರಾದದ್ದು ದೂರದ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಬಸವಣ್ಣನವರ ಅನುಭವ ಮಂಟಪದಲ್ಲಿ ಶೂನ್ಯ ಸಿಂಹಾಸನದ ಮೇಲೆ ಕೂತಿದ್ದವರು ಅಲ್ಲಮರು. ಎಲ್ಲರ ಎದುರು ಅವರು ಅಕ್ಕನನ್ನು ಕಠಿಣವಾಗಿ ಪ್ರಶ್ನಿಸಿದರು. ನಾಚಿಕೆ ಬಿಟ್ಟಿದ್ದರೆ ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂದೂ ಕೇಳಿದರು. ಅಕ್ಕ ಹೆದರಲಿಲ್ಲ, ಸಿಟ್ಟಾಗಲಿಲ್ಲ. ನೋಡುವವರ ಮನಸ್ಸಿಗೆ ನೋವಾಗದಿರಲಿ ಎಂದು ಮುಚ್ಚಿದ್ದೇನೆ ಎಂಬ ಅರ್ಥದ ಉತ್ತರ ಕೊಟ್ಟರು. ಅಂಥ ಪ್ರಶ್ನೆ ಕೇಳಬಾರದಿತ್ತು ಎಂದು ನಮ್ಮ ತರಗತಿಯ ಹುಡುಗಿಯರು ವಾದ ಮಾಡಿದರು. ನನಗೂ ಹಾಗೆಯೇ ಅನಿಸಿತು. ಆದರೆ ಕೊನೆಗೆ ಅಲ್ಲಮರೇ ಆಕೆಯ ದೊಡ್ಡತನವನ್ನು ಸಭೆಯ ಎದುರು ಒಪ್ಪಿಕೊಂಡರು. ತನಗಿಂತ ಚಿಕ್ಕವರು ಗೆದ್ದಾಗ ಹೊಟ್ಟೆಕಿಚ್ಚು ಪಡದೆ ಹೊಗಳುವುದೂ ಒಂದು ಬೆಳವಣಿಗೆಯೇ.

ಕೊನೆಯದಾಗಿ ಗೋರಕ್ಷ. ಇವರು ಯೋಗ ಮಾಡಿ ದೇಹವನ್ನು ವಜ್ರದಂತೆ ಗಟ್ಟಿ ಮಾಡಿಕೊಂಡಿದ್ದರು. ಕತ್ತಿಯಿಂದ ಹೊಡೆದರೆ ಠಣ್ ಎಂದು ಶಬ್ದ ಬರುತ್ತಿತ್ತು, ಕೂದಲೂ ಕೊಂಕುತ್ತಿರಲಿಲ್ಲ. ಅದರ ಬಗ್ಗೆ ಅವರಿಗೆ ಬಹಳ ಹೆಮ್ಮೆ. ಅದೇ ಕತ್ತಿಯನ್ನು ಅಲ್ಲಮರ ಮೇಲೆ ಬೀಸಿದಾಗ ಅದು ಗಾಳಿಯಲ್ಲಿ ಬೀಸಿದಂತೆ ಆಚೆ ಹೋಯಿತು. ಶಬ್ದವೂ ಇಲ್ಲ, ಗಾಯವೂ ಇಲ್ಲ.

ಈ ಕಥೆಯನ್ನು ನಾನು ಹಲವು ಸಲ ಓದಿದೆ. ಜನಾಜಾದ ದಿನ ನಾನು ಗೋರಕ್ಷನಾಗಿದ್ದೆ. ಎಲ್ಲರೂ ಗಟ್ಟಿ ಹುಡುಗ ಎಂದಾಗ ಒಳಗೆ ಠಣ್ ಎಂದು ಹೆಮ್ಮೆಯಾಗಿತ್ತು. ಆದರೆ ಗಟ್ಟಿಯಾಗಿರುವುದು ಬೇರೆ, ನೋವನ್ನು ದಾಟುವುದು ಬೇರೆ.

ಕಲ್ಯಾಣದಲ್ಲಿ ಮುಂದೆ ಗಲಭೆಯಾಗಿ ಶರಣರು ದಿಕ್ಕು ದಿಕ್ಕಿಗೆ ಚದುರಿದರು. ಅಲ್ಲಮರು ಶ್ರೀಶೈಲದ ಕದಳಿಯ ಕಡೆಗೆ ಹೋಗಿ ಅಲ್ಲಿ ಐಕ್ಯರಾದರು ಎನ್ನುತ್ತಾರೆ. 2017ರಲ್ಲಿ ಟಿ. ಎಸ್. ನಾಗಾಭರಣ ಅವರು ಅಲ್ಲಮ ಎಂಬ ಸಿನಿಮಾ ಮಾಡಿದರು. ಅದರಲ್ಲಿ ಧನಂಜಯ ಅವರು ಅಲ್ಲಮರ ಪಾತ್ರ ಮಾಡಿದ್ದಾರೆ. ಪುಸ್ತಕ ಕಷ್ಟ ಎನ್ನುವವರು ಅದನ್ನಾದರೂ ನೋಡಬಹುದು.

ನನ್ನ ಲೆಕ್ಕ

ಈಗ ಎರಡನೆಯ ಕಾರಣವನ್ನು ಪೂರ್ತಿ ಹೇಳುತ್ತೇನೆ. ಕಾಮರ್ಸ್ ಓದುವವರಿಗೆ ಗೊತ್ತಿದೆ: ಟ್ರಯಲ್ ಬ್ಯಾಲೆನ್ಸಿನ ಎರಡು ಕಡೆ ಸರಿಹೋಗದಿದ್ದರೆ ವ್ಯತ್ಯಾಸದ ಮೊತ್ತವನ್ನು ಸದ್ಯಕ್ಕೆ ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ಆಗ ಪುಟ ಸರಿಯಾಗಿ ಕಾಣುತ್ತದೆ. ಆದರೆ ತಪ್ಪು ಎಲ್ಲೋ ಒಳಗೆ ಇದ್ದೇ ಇರುತ್ತದೆ. ಅದನ್ನು ಹುಡುಕಿ ಸರಿಪಡಿಸುವ ತನಕ ಆ ಖಾತೆ ಮುಚ್ಚುವುದಿಲ್ಲ.

ಚಾಚಾ ಹೋದ ಮೇಲೆ ನಾನು ಮಾಡಿದ್ದು ಇದನ್ನೇ. ಹೊರಗೆ ಎಲ್ಲ ಸರಿಯಾಗಿತ್ತು. ಆದರೆ ಸಣ್ಣ ಸಣ್ಣ ಮಾತಿಗೆ ಗುಸ್ಸಾ ಬರುತ್ತಿತ್ತು. ಕ್ಯಾಲ್ಕುಲೇಟರ್ ಕೇಳದೆ ತೆಗೆದುಕೊಂಡ ಎಂದು ಒಳ್ಳೆಯ ಗೆಳೆಯನ ಜೊತೆ ಜಗಳವಾಡಿ ಎರಡು ತಿಂಗಳು ಮಾತು ಬಿಟ್ಟೆ. ಮದುವೆ ಬ್ಯಾಂಡಿನ ಸದ್ದು ಕೇಳಿದರೆ ಬೇರೆ ಬೀದಿಯಲ್ಲಿ ಹೋಗುತ್ತಿದ್ದೆ. ಅಕೌಂಟೆನ್ಸಿಯಲ್ಲಿ ಅಂಕ ಕಡಿಮೆಯಾದವು, ಆ ಪುಸ್ತಕ ತೆರೆದರೆ ಗುರುವಾರದ ಸಂಜೆ ನೆನಪಾಗುತ್ತಿತ್ತು. ಇದೆಲ್ಲ ಬೇರೆ ಬೇರೆ ತೊಂದರೆ ಎಂದುಕೊಂಡಿದ್ದೆ. ಎಲ್ಲದರ ಕೆಳಗೆ ಇದ್ದದ್ದು ಒಂದೇ ಎಂದು ತಿಳಿದದ್ದು ಈ ಲೇಖನಕ್ಕಾಗಿ ಅಲ್ಲಮರ ಕಥೆ ಓದುವಾಗ. ಮಾತ್ರವಲ್ಲ, ನನ್ನ ಗುಸ್ಸಾ ನನ್ನ ಗೆಳೆಯನ ಮೇಲೆ ಇರಲಿಲ್ಲ, ನನ್ನ ಮೇಲೆಯೇ ಇತ್ತು.

ಕಳೆದ ತಿಂಗಳು ಚಾಚಿ ಸೊರಬದಿಂದ ಬಂದಿದ್ದರು. ಅಮ್ಮಿ ಅಡುಗೆಮನೆಯಲ್ಲಿದ್ದಾಗ ನಾನು ಚಾಚಿಯ ಹತ್ತಿರ ಕೂತು ಆ ಗುರುವಾರದ ವಿಷಯ ಹೇಳಿದೆ. ಅವರು ಬೈಯುತ್ತಾರೆ ಎಂದು ಹೆದರಿದ್ದೆ. ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬುಧವಾರ ತಾವೇ ಆಸ್ಪತ್ರೆಗೆ ಹೋಗೋಣ ಎಂದಾಗ ಚಾಚಾ ಬೇಡ ಎಂದಿದ್ದರು, ತಾವೂ ಗಟ್ಟಿಯಾಗಿ ಹೇಳಲಿಲ್ಲ ಎಂದರು. ಅವರೂ ಅದನ್ನು ಒಂದು ವರ್ಷದಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದರು. ಇಬ್ಬರೂ ಅತ್ತೆವು. ಅಮ್ಮಿ ಬಾಗಿಲಲ್ಲಿ ನಿಂತು ನೋಡಿ ಏನೂ ಕೇಳದೆ ಒಳಗೆ ಹೋದರು.

ಇದರಿಂದ ನನ್ನ ತಪ್ಪು ಅಳಿಸಿಹೋಯಿತು ಎಂದು ಹೇಳುವುದಿಲ್ಲ. ಅಂದು ನಾನು ಹೋಗಬೇಕಿತ್ತು. ಆದರೆ ಈಗ ಅದು ಯಾವ ಖಾತೆಗೆ ಸೇರಿದ್ದು ಎಂದು ನನಗೆ ಗೊತ್ತು. ಮರುದಿನ ಗೆಳೆಯನ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಚಾಚಾ ಬಾರಿಸುತ್ತಿದ್ದ ಡ್ರಮ್ ಅಟ್ಟದ ಮೇಲಿತ್ತು. ಇಳಿಸಿ ಧೂಳು ಒರೆಸಿ, ಚಾಚಿಯ ಒಪ್ಪಿಗೆ ಪಡೆದು ಅವರ ಬ್ಯಾಂಡಿನವರಿಗೆ ಕೊಟ್ಟೆವು. ಮೊನ್ನೆ ಶಿರಾಳಕೊಪ್ಪ ರಸ್ತೆಯಲ್ಲಿ ಒಂದು ಮೆರವಣಿಗೆ ಬಂದಾಗ ನಾನು ಬೀದಿ ಬದಲಿಸಲಿಲ್ಲ. ಅದು ದಾಟಿ ಹೋಗುವವರೆಗೆ ನಿಂತು ಕೇಳಿದೆ.

ಗೆಳೆಯರೇ, ನಮ್ಮ ವಯಸ್ಸಿನಲ್ಲಿ ಸಿಟ್ಟು, ದುಃಖ, ನಾಚಿಕೆ, ಹೆಮ್ಮೆ ಎಲ್ಲವೂ ಜೋರಾಗಿ ಬರುತ್ತವೆ. ಅವುಗಳಿಗೆ ಹೆದರಿ ಮುಚ್ಚಿಡಬೇಡಿ, ಅವು ಹೇಳಿದಂತೆಲ್ಲ ಕುಣಿಯಲೂ ಬೇಡಿ. ಅವು ಎಲ್ಲಿಂದ ಬಂದವು ಎಂದು ಸ್ವಲ್ಪ ಕೆರೆದು ನೋಡಿ. ಮತ್ತೆ ಮನೆಯಲ್ಲಿ ಯಾರಾದರೂ ಹುಷಾರಿಲ್ಲ, ಜೊತೆಗೆ ಬಾ ಎಂದು ಕರೆದರೆ, ಪರೀಕ್ಷೆ ನಾಳೆಯೇ ಇದ್ದರೂ, ಎದ್ದು ಹೋಗಿ. ರಜೆಯಲ್ಲಿ ಒಂದು ದಿನ ಬಳ್ಳಿಗಾವಿಗೂ ಹೋಗಿ ಬನ್ನಿ. ಕಂಬ ನೋಡಿದ ಮೇಲೆ ಕಲ್ಲಿನ ಮದ್ದಳೆಯವರ ಕೈಗಳನ್ನೂ ಒಮ್ಮೆ ನೋಡಿ.

 

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ